ಮೊದಲ ಕಿರುಚಿತ್ರಕ್ಕೆ ಕ್ಯಾಮೆರಾಗಿಂತ ಮುಂಚೆ ಕಿವಿ ಬೇಕು

ಕಾಲೇಜಿನ ನಾಲ್ಕೈದು ಗೆಳೆಯರು ಸೇರಿ ಕಿರುಚಿತ್ರ ಮಾಡೋಣ ಅಂದಾಗ ಮೊದಲು ಏಳುವ ಮಾತು ಕ್ಯಾಮೆರಾದ್ದು. ಯಾರ ಮೊಬೈಲ್ ಚೆನ್ನಾಗಿದೆ? ಲೆನ್ಸ್ ಬಾಡಿಗೆಗೆ ಎಲ್ಲಿ ಸಿಗುತ್ತದೆ? ನಾವೂ ಅಲ್ಲಿಂದಲೇ ಶುರು ಮಾಡಿದ್ದೆವು. ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ, ಜುಲೈ ತಿಂಗಳಲ್ಲಿ, ಎರಡು ದಿನ ಶೂಟಿಂಗ್ ನಡೆಯಿತು. ಹೆಂಚಿನಿಂದ ಇಳಿಯುವ ನೀರು, ಒದ್ದೆ ಅಂಗಳ, ಎಲ್ಲ ಚಂದ ಬಂತು. ಆದರೆ ಅಜ್ಜಿ ಮೊಮ್ಮಗನಿಗೆ ಹೇಳುವ ಮಾತು ಒಂದೂ ಕೇಳಲಿಲ್ಲ. ಪಕ್ಕದ ಕೊಟ್ಟಿಗೆಯ ತಗಡಿನ ಮೇಲೆ ಬಿದ್ದ ಮಳೆ ಅದನ್ನೆಲ್ಲ ನುಂಗಿಬಿಟ್ಟಿತ್ತು. ಆ ಚಿತ್ರ ಇವತ್ತಿಗೂ ಮುಗಿದಿಲ್ಲ.

ನಿಮ್ಮದು ಮುಗಿಯಬೇಕು. ಅದಕ್ಕೇ ಈ ಬರಹದಲ್ಲಿ ಶಬ್ದಕ್ಕೆ ಜಾಸ್ತಿ ಜಾಗ.

ಕಥೆ ಒಂದು ಜಗಲಿಯಷ್ಟಿರಲಿ

ಐದರಿಂದ ಏಳು ನಿಮಿಷ, ಇಬ್ಬರು ಪಾತ್ರಧಾರಿಗಳು, ಒಂದು ಮನೆ, ಒಂದು ಮಧ್ಯಾಹ್ನ. ಮೊದಲ ಸಲಕ್ಕೆ ಇಷ್ಟು ಸಾಕು. ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಅನ್ನುವುದು ಸಾಮಾನ್ಯ ಲೆಕ್ಕ.

ಉದಾಹರಣೆಗೆ ಹೀಗೊಂದು ಕಥೆ ಇಟ್ಟುಕೊಳ್ಳಿ. ಮಗ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದಾನೆ. ಅಪ್ಪ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾನೆ. ಇನ್ನು ಮುಂದೆ ತೋಟ ಯಾರು ನೋಡಿಕೊಳ್ಳುತ್ತಾರೆ? ಆ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಇದಕ್ಕೆ ಸೆಟ್ ಬೇಡ, ಬಾಡಿಗೆ ಬಟ್ಟೆ ಬೇಡ. ಸಂಭಾಷಣೆಯನ್ನು ಆ ಮನೆಯಲ್ಲಿ ಆಡುವ ಹಾಗೇ ಬರೆಯಿರಿ. ನಟಿಸುವವರು ಪುಸ್ತಕದ ಭಾಷೆಯಲ್ಲಿ ಎಡವಿದರೆ ತಪ್ಪು ಅವರದ್ದಲ್ಲ, ಬರೆದವರದ್ದು.

ಆಗುಂಬೆಯ ಸೂರ್ಯಾಸ್ತ ಹಾಕಲೇಬೇಕು ಅಂತ ಗುಂಪಿನಲ್ಲಿ ಒಬ್ಬರಾದರೂ ಹಟ ಹಿಡಿಯುತ್ತಾರೆ. ಕಥೆಗೆ ಬೇಕಿದ್ದರೆ ಮಾತ್ರ ಹೋಗಿ. ಅಭಯಾರಣ್ಯದೊಳಗೆ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ರೈಲು ನಿಲ್ದಾಣಕ್ಕೆ ರೈಲ್ವೆಯದ್ದು. ಡ್ರೋನ್ ಅಂತೂ ಮೊದಲ ಚಿತ್ರಕ್ಕೆ ಬೇಡವೇ ಬೇಡ. ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣವಿದೆ, ಅದರ ಸುತ್ತ ಹಾರಾಟಕ್ಕೆ ನಿರ್ಬಂಧವಿದೆ.

ಜಾಗವನ್ನು ಕೇಳಿಸಿಕೊಳ್ಳಿ

ಲೊಕೇಶನ್ ನೋಡಲು ಹೋದಾಗ ಫೋಟೊ ತೆಗೆದು ವಾಪಸ್ ಬರಬೇಡಿ. ಶೂಟಿಂಗ್ ಮಾಡಬೇಕೆಂದಿರುವ ಹೊತ್ತಿಗೇ ಹೋಗಿ, ಅಲ್ಲೇ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತುಕೊಳ್ಳಿ. ಏನೇನು ಕೇಳುತ್ತದೋ ಬರೆದುಕೊಳ್ಳಿ. ತೋಟದಲ್ಲಿ ಕಳೆ ಹೊಡೆಯುವ ಮೆಷಿನ್, ಹೊಳೆ ಹತ್ತಿರದ ಪಂಪ್‌ಸೆಟ್, ಅಡುಗೆಮನೆಯ ಫ್ರಿಜ್, ಸಂಜೆಯಾದರೆ ಜೀರುಂಡೆ. ಮೆಷಿನ್ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತ ಮನೆಯವರನ್ನು ಕೇಳಿ, ಮಾತಿರುವ ದೃಶ್ಯಗಳನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತು ಜಾಸ್ತಿ ಇರುವ ಕಥೆ ಮುಟ್ಟಬೇಡಿ. ಒಂದೇ ದೃಶ್ಯದ ಎರಡು ಟೇಕ್ ನಡುವೆ ಮಳೆಯ ಜೋರು ಬದಲಾಗುತ್ತದೆ. ಎಡಿಟಿಂಗ್‌ನಲ್ಲಿ ಜೋಡಿಸಿದರೆ ಪ್ರತಿ ಕಟ್‌ಗೂ ಮಳೆಯ ಸದ್ದು ಹಾರಿ ಹಾರಿ ಬೀಳುತ್ತದೆ. ಮಳೆಯ ದೃಶ್ಯವೇ ಬೇಕಿದ್ದರೆ ಮಾತನ್ನು ಮಳೆಯಿಲ್ಲದಾಗ ರೆಕಾರ್ಡ್ ಮಾಡಿ, ಮಳೆಯನ್ನು ಬೇರೆಯಾಗಿ ಹಿಡಿದು ಆಮೇಲೆ ಸೇರಿಸಿ. ಹೆಂಚಿನ ಮೇಲೆ, ತಗಡಿನ ಮೇಲೆ, ಬಾಳೆಲೆ ಮೇಲೆ ಬೀಳುವ ಮಳೆ ಬೇರೆ ಬೇರೆ. ಮೂರನ್ನೂ ಹಿಡಿದಿಟ್ಟುಕೊಳ್ಳಿ.

ಮೈಕ್ ಮತ್ತು ಬಾಯಿಯ ನಡುವಿನ ದೂರ ಎರಡು ಪಟ್ಟಾದರೆ ಮಾತಿನ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಸುತ್ತಲಿನ ಗದ್ದಲ ಮಾತ್ರ ಹಾಗೇ ಇರುತ್ತದೆ. ಹತ್ತಡಿ ದೂರದ ಮೊಬೈಲಿನಲ್ಲಿ ಹಿಡಿದ ಮಾತು ಕೆಡುವುದು ಇದರಿಂದಲೇ. ಒಂದು ಅಗ್ಗದ ಕಾಲರ್ ಮೈಕ್ ತಂದು, ಇನ್ನೊಂದು ಮೊಬೈಲಿಗೆ ಸಿಕ್ಕಿಸಿ, ಆ ಮೊಬೈಲನ್ನು ನಟನ ಜೇಬಿನಲ್ಲಿ ಫ್ಲೈಟ್ ಮೋಡಿನಲ್ಲಿಡಿ. ಟೇಕ್ ಶುರುವಿನಲ್ಲಿ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ಹೊಡೆಯಿರಿ. ಚಿತ್ರ, ಶಬ್ದ ಎರಡನ್ನೂ ಹೊಂದಿಸಲು ಆ ಚಪ್ಪಾಳೆಯೇ ಗುರುತು.

ದೃಶ್ಯ ಮುಗಿದ ಮೇಲೆ ಎರಡು ಕೆಲಸ ಮರೆಯಬೇಡಿ. ಎಲ್ಲರೂ ಸುಮ್ನೆ ನಿಂತು ಅದೇ ಕೋಣೆಯ ಖಾಲಿ ಸದ್ದನ್ನು 30 ಸೆಕೆಂಡ್ ರೆಕಾರ್ಡ್ ಮಾಡಿ. ಕಟ್‌ಗಳ ನಡುವಿನ ಬಿರುಕು ಮುಚ್ಚಲು ಅದು ಬೇಕೇ ಬೇಕು. ಆಮೇಲೆ ಕ್ಯಾಮೆರಾ ನಿಲ್ಲಿಸಿ, ಮೈಕ್ ಬಾಯಿ ಹತ್ತಿರ ತಂದು, ಅದೇ ಮಾತುಗಳನ್ನು ಅದೇ ಓಟದಲ್ಲಿ ಇನ್ನೊಮ್ಮೆ ಹೇಳಿಸಿ. ನಮ್ಮ ಅಜ್ಜಿಯಿಂದ ಹೀಗೆ ಒಂದು ಸಲ ಹೇಳಿಸಿದ್ದರೆ ಚಿತ್ರ ಉಳಿಯುತ್ತಿತ್ತು.

ಈಗ ಆ ಅಪ್ಪ ಮಗನ ದೃಶ್ಯಕ್ಕೆ ಬನ್ನಿ. ಮೆಟ್ಟುಗತ್ತಿಗೆ ಅಡಿಕೆ ಒತ್ತಿದಾಗ ಸಿಪ್ಪೆ ಚರ್ರನೆ ಸೀಳುತ್ತದೆ, ಸುಲಿದ ಅಡಿಕೆ ಟಕ್ ಅಂತ ಬುಟ್ಟಿಗೆ ಬೀಳುತ್ತದೆ. ಚರ್, ಟಕ್. ಚರ್, ಟಕ್. ಕೆಲಸ ಬಲ್ಲವರ ಕೈಯಲ್ಲಿ ಅದಕ್ಕೊಂದು ಲಯವಿದೆ. ಬುಟ್ಟಿಯ ಪಕ್ಕದಲ್ಲೇ ಮೈಕ್ ಇಟ್ಟು ಐದು ನಿಮಿಷ ಹಿಡಿಯಿರಿ. ಮಗ ಚೀಲ ಹೆಗಲಿಗೇರಿಸಿ "ಬರ್ತೀನಪ್ಪ" ಅನ್ನುತ್ತಾನೆ. ಚರ್ ಕೇಳುತ್ತದೆ, ಟಕ್ ಕೇಳುವುದಿಲ್ಲ. ಅಪ್ಪನ ಉತ್ತರ ಬರೆಯುವ ಅಗತ್ಯವೇ ಇಲ್ಲ, ಅಲ್ವಾ?

ಕ್ಯಾಮೆರಾ

ಇಲ್ಲಿ ಹೇಳುವುದು ಕಡಿಮೆ. ಮ್ಯಾನ್ಯುಯಲ್ ಸೆಟ್ಟಿಂಗ್ ಸಿಗುವ ಆ್ಯಪ್ ಹಾಕಿಕೊಂಡು ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಹಳೆಯ ಟ್ಯೂಬ್‌ಲೈಟ್ ಕೆಳಗೂ ಚಿತ್ರ ಮಿಣುಕುವುದಿಲ್ಲ. ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಿ. ಬೆಳಗಿನ ಚಳಿಯಲ್ಲಿ ಅಂಗಳದಲ್ಲಿದ್ದ ಮೊಬೈಲನ್ನು ಸೀದಾ ಬಚ್ಚಲೊಲೆ ಹತ್ತಿರ ಒಯ್ದರೆ ಲೆನ್ಸ್ ಮೇಲೆ ಹಬೆ ಕೂರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಳಗೆ ತಂದು, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ.

50 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 50 ಮೆಗಾಬಿಟ್) ಹಿಡಿದರೆ ನಿಮಿಷಕ್ಕೆ ಸುಮಾರು 375 ಎಂಬಿ, ಗಂಟೆಗೆ ಸುಮಾರು 22 ಜಿಬಿ ಆಗುತ್ತದೆ. ಅವತ್ತಿನದ್ದನ್ನು ಅವತ್ತೇ ಎರಡು ಕಡೆ ಕಾಪಿ ಮಾಡಿ, ಎರಡೂ ತೆರೆದು ನೋಡಿದ ಮೇಲೆಯೇ ಮೊಬೈಲ್ ಖಾಲಿ ಮಾಡಿ.

ಜೋಡಿಸಿ, ತೋರಿಸಿ

ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳ ಸಾಕು. ಮೊದಲು ಮಾತು ಮತ್ತು ಸದ್ದನ್ನು ಸರಿಮಾಡಿಕೊಳ್ಳಿ, ಬಣ್ಣ ಆಮೇಲೆ. ಸಿನಿಮಾ ಹಾಡು ಹಾಕಬೇಡಿ. ಹಕ್ಕಿಲ್ಲದ ಸಂಗೀತವಿದ್ದರೆ ಚಿತ್ರೋತ್ಸವಗಳಲ್ಲಿ ತೊಂದರೆಯಾಗುತ್ತದೆ.

ಯೂಟ್ಯೂಬಿಗೆ ಹಾಕುವ ಮುಂಚೆ ಊರಿನವರಿಗೆ ತೋರಿಸಿ. ನಮ್ಮ ಶಿವಮೊಗ್ಗ ಜಿಲ್ಲೆಗೆ ಈ ರೂಢಿ ಹೊಸದಲ್ಲ. ಹೆಗ್ಗೋಡಿನಲ್ಲಿ 1973ರಲ್ಲೇ ನೀನಾಸಂ ರಂಗಸಂಸ್ಥೆಯ ಚಿತ್ರಸಮಾಜ (ಫಿಲ್ಮ್ ಸೊಸೈಟಿ) ಶುರುವಾಗಿ, ಹಳ್ಳಿಯ ಜನ ಜಗತ್ತಿನ ಸಿನಿಮಾಗಳನ್ನು ಕೂತು ನೋಡಿದರು. ಶೂಟಿಂಗಿಗೆ ಮನೆ ಬಿಟ್ಟುಕೊಟ್ಟವರ ಅಂಗಳದಲ್ಲೇ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ಮತ್ತು ಒಂದು ಒಳ್ಳೆಯ ಸ್ಪೀಕರ್ ತನ್ನಿ. ನೀವು ಎಲ್ಲರಿಗಿಂತ ಹಿಂದೆ ನೋಟ್‌ಬುಕ್ ಹಿಡಿದು ಕೂರಿ. ಯಾರಾದರೂ ಪಕ್ಕದವರ ಕಡೆ ವಾಲಿ "ಏನಂದ?" ಅಂತ ಕೇಳಿದರೆ ಆ ನಿಮಿಷ, ಸೆಕೆಂಡ್ ಬರೆದುಕೊಳ್ಳಿ. ಮಾರನೇ ದಿನ ಆ ಸಾಲುಗಳನ್ನು ಮತ್ತೆ ರೆಕಾರ್ಡ್ ಮಾಡಿ.