ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್: ಸೋರಿಕೆ ಹುಡುಕಿದ ಬಗೆ

ಹೊಸ ಬ್ಯಾಟರಿ ಹಾಕಿದ ಮೇಲೂ ಮೂರನೇ ದಿನ ಬೆಳಿಗ್ಗೆ ಸೆಲ್ಫ್ ಬರೀ ‘ಟಕ್’ ಎಂದರೆ, ಇನ್ನೊಂದು ಬ್ಯಾಟರಿಗೆ ದುಡ್ಡು ಸುರಿಯಬೇಡಿ. ಮೊದಲು ಅಳೆಯಿರಿ. ಸುರತ್ಕಲ್‌ನಲ್ಲಿ ಕಡಲಗಾಳಿಗೇ ನಿಲ್ಲುವ ನನ್ನ 20 ವರ್ಷ ಹಳೆಯ ಪೆಟ್ರೋಲ್ ಕಾರಿನಲ್ಲಿ ಕರೆಂಟ್ ಸೋರಿಕೆ ಹಿಡಿದದ್ದು ಹೀಗೆ.

ಶುರುಮಾಡಿದ್ದು ಬ್ಯಾಟರಿಯ ತಲೆಯಿಂದ. ಉಪ್ಪು, ಮಳೆಗಾಲದ ತೇವ, ಆಸಿಡ್ ಸೇರಿ ಕೂತ ಕೊಳೆಯೂ ಕರೆಂಟ್ ಒಯ್ಯುತ್ತದೆ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗಿಟ್ಟು, ಕಪ್ಪು ಕಡ್ಡಿ ಮೈನಸ್‌ಗೆ ಒತ್ತಿ, ಕೆಂಪನ್ನು ಪ್ಲಾಸ್ಟಿಕ್ ಮೇಲೆ ಆಡಿಸಿದರೆ 2 ವೋಲ್ಟ್ ಬಂತು. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ, ಮುಚ್ಚಳದೊಳಗೆ ಇಳಿಯದಂತೆ ಒರೆಸಿದೆ. ಟರ್ಮಿನಲ್‌ನ ಕಿಲುಬು ಉಜ್ಜಿ ತೆಗೆದು, ಬಿಗಿದ ಮೇಲೆ ವ್ಯಾಸಲಿನ್ ಸವರಿದೆ.

ಪೂರ್ತಿ ಚಾರ್ಜ್ ಮಾಡಿ ರಾತ್ರಿಯಿಡೀ ಬಿಟ್ಟಾಗ 12.6 ವೋಲ್ಟ್, ಎಂಜಿನ್ ಓಡುವಾಗ 14.2. ಚಾರ್ಜಿಂಗ್ ಸರಿಯಿದೆ ಎಂದು ಆಲ್ಟರ್ನೇಟರನ್ನು (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಅನುಮಾನದ ಪಟ್ಟಿಯಿಂದ ಬಿಟ್ಟದ್ದು ನನ್ನ ತಪ್ಪು.

ಇನ್ನು ಸೋರಿಕೆ. ಕೀ ತೆಗೆದು, ಬಾಗಿಲು ಹಾಕಿ, 10ರ ಸ್ಪ್ಯಾನರ್‌ನಿಂದ ಮೈನಸ್ ವಯರ್ ಬಿಚ್ಚಿ, ಆ ವಯರ್ ಮತ್ತು ಬ್ಯಾಟರಿ ಮೈನಸ್ ನಡುವೆ ಮೀಟರ್ ಸೇರಿಸಿದೆ. ಕೆಂಪು ಕಡ್ಡಿ 10 ಆಂಪಿಯರ್ ತೂತಿನಲ್ಲೇ ಇರಬೇಕು. ಮೀಟರ್ ಹೀಗಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರ್‌ನ ಫ್ಯೂಸ್ ಹೋಗುತ್ತದೆ. ಸೆಂಟ್ರಲ್ ಲಾಕ್, ಅಲಾರಂ ಮಲಗಲೆಂದು 20 ನಿಮಿಷ ಕಾದೆ. 0.05 ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ನನ್ನದು 0.31. 35 ಆಂಪಿಯರ್ ಅವರ್ ಬ್ಯಾಟರಿಯ ಅರ್ಧವನ್ನು ಇದು 56 ಗಂಟೆಯಲ್ಲಿ ಕುಡಿಯುತ್ತದೆ. ಮೂರನೇ ದಿನದ ಲೆಕ್ಕ ಅಲ್ಲಿಗೆ ಕೂಡಿತು.

ಫ್ಯೂಸ್ ಒಂದೊಂದಾಗಿ ಎಳೆದೆ. ಒಳಗಿನ ಪೆಟ್ಟಿಗೆಯ ಫ್ಯೂಸ್‌ಗೆ ಬಾಗಿಲು ತೆರೆಯಲೇಬೇಕು; ತೆರೆದರೆ ಒಳದೀಪ ಉರಿದು ಮೀಟರ್‌ನ ಅಂಕಿ ಕೆಡುತ್ತದೆ. ಅದಕ್ಕೆ ಬಾಗಿಲ ಸ್ವಿಚ್ಚನ್ನು ಮೊದಲೇ ಒತ್ತಿ ಟೇಪ್ ಸುತ್ತಿದ್ದೆ. ಮ್ಯೂಸಿಕ್ ಸಿಸ್ಟಂ ಫ್ಯೂಸ್‌ಗೆ 0.24ಕ್ಕೆ ಇಳಿಯಿತು. ಹೊರಗಿನ ಅಂಗಡಿಯಲ್ಲಿ ಕೂರಿಸಿದ ಸೆಟ್ಟಿನ ಹಳದಿ, ಕೆಂಪು ವಯರ್ ಎರಡನ್ನೂ ಸೇರಿಸಿ ಸದಾ ಕರೆಂಟ್ ಇರುವ ಕಡೆಗೆ ಕಟ್ಟಿದ್ದರು. ಹಳದಿ ಅಲ್ಲೇ ಇರಲಿ, ಸೆಟ್ಟಿನ ನೆನಪಿಗೆ (ಗಡಿಯಾರ, ಸ್ಟೇಷನ್) ಬೇಕು. ಕೆಂಪನ್ನು ಕೀ ತಿರುಗಿದಾಗ ಮಾತ್ರ ಕರೆಂಟ್ ಬರುವ ವಯರಿಗೆ ಬದಲಿಸಿದೆ.

ಉಳಿದ 0.24 ಯಾವ ಫ್ಯೂಸ್‌ಗೂ ಜಗ್ಗಲಿಲ್ಲ. ಅಂದರೆ ಪೆಟ್ಟಿಗೆಯನ್ನು ದಾಟದ ದಾರಿ: ಸ್ಟಾರ್ಟರ್, ಇಲ್ಲವೇ ಆಲ್ಟರ್ನೇಟರ್. ಆಲ್ಟರ್ನೇಟರ್‌ನ ಹಿಂಬದಿಯ ದಪ್ಪ ವಯರ್ ನೇರ ಬ್ಯಾಟರಿಗೆ ಹೋಗುತ್ತದೆ, ಸದಾ ಜೀವಂತ. ಮೈನಸ್ ಪೂರ್ತಿ ಬಿಚ್ಚಿಟ್ಟೇ ಅದರ ನಟ್‌ಗೆ ಕೈಹಾಕಬೇಕು, ಇಲ್ಲದಿದ್ದರೆ ಸ್ಪ್ಯಾನರ್ ಕಾರಿನ ಲೋಹಕ್ಕೆ ತಾಗಿ ಕಿಡಿ ಹಾರುತ್ತದೆ. ಬಿಚ್ಚಿದ ವಯರ್ ತುದಿಗೆ ಟೇಪ್ ಸುತ್ತಿ ಮೀಟರ್ ಮತ್ತೆ ಸೇರಿಸಿದರೆ, 0.02!

ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಸೋರುತ್ತಿತ್ತು. ಡಯೋಡ್ ಅರೆಬರೆ ಸೋರಿದರೆ ಓಡುವಾಗ 14 ವೋಲ್ಟ್ ಬರುತ್ತಲೇ ಇರುತ್ತದೆ, ನಿಂತಾಗ ಕರೆಂಟ್ ಹಿಂದಕ್ಕೆ ಹರಿಯುತ್ತದೆ. ಡಯೋಡ್ ಪ್ಲೇಟ್ ಮಾತ್ರ ಬದಲಿಸಿದೆ, ಆಲ್ಟರ್ನೇಟರ್ ಹಳೆಯದೇ. ಆಮೇಲೆ ನಾಲ್ಕು ದಿನ ನಿಲ್ಲಿಸಿ ಅಳೆದರೆ 12.5.