ಬೆಟ್ಟ ಹತ್ತಲಾಗದವರಿಗೆ ಹಳ್ಳದ ದಂಡೆ, ಕಾವಲಿನ ಅಂಚು: ತುಮಕೂರು ಸೀಮೆಯಲ್ಲಿ ಸುಲಭ ನಡಿಗೆ

ತುಮಕೂರಿನವರು ಒಂದು ದಿನದ ಮಟ್ಟಿಗೆ ಕಾಡಿನ ಕಡೆ ಹೋಗೋಣ ಎಂದರೆ ಮಾತು ಬೆಟ್ಟದ ತುದಿಗೇ ಹೋಗಿ ನಿಲ್ಲುತ್ತದೆ. ದೇವರಾಯನದುರ್ಗದ ಮೇಲಿನ ಯೋಗಾನರಸಿಂಹ, ಸಿದ್ಧರಬೆಟ್ಟ, ಮಧುಗಿರಿಯ ಏಕಶಿಲೆ, ಎಲ್ಲವೂ ಹತ್ತುವ ಜಾಗಗಳೇ. ಮನೆಯ ಹಿರಿಯರು, ಮೊಣಕಾಲು ಸವೆದವರು, ಗಾಲಿಕುರ್ಚಿಯಲ್ಲಿರುವವರು, ಕೂಸನ್ನು ಎತ್ತಿಕೊಂಡ ತಾಯಂದಿರು ಕಾರಿನಲ್ಲಿ ಕುಳಿತು ಚೀಲ ಕಾಯುತ್ತಾರೆ. ಬೆಟ್ಟದ ಬುಡದಲ್ಲಿ ಹರಿಯುವ ಹಳ್ಳದ ನೆರಳಿನಲ್ಲೂ, ಕುರುಚಲು ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುವ ಅಂಚಿನಲ್ಲೂ ಅವರಿಗೆ ಒಪ್ಪುವ ನಡಿಗೆಗಳಿವೆ. ಆದರೆ ಅವನ್ನು ಹುಡುಕಿ, ಮೊದಲೇ ಅಳೆದು ನೋಡಿ, ಆಮೇಲೆ ಕರೆದೊಯ್ಯಬೇಕು.

ದಾರಿ ಎಷ್ಟು ದೂರ ಎಂಬುದು ಇಲ್ಲಿ ಕೊನೆಯ ಪ್ರಶ್ನೆ. ಕಾಲಡಿಯ ನೆಲ ಎಂಥದ್ದು, ಇಳಿಜಾರು ಎಷ್ಟು, ಕೂರುವ ಜಾಗ ಎಲ್ಲೆಲ್ಲಿದೆ, ಸಾಕಾದ ಕೂಡಲೇ ಹಿಂದಿರುಗಬಹುದೇ ಎಂಬ ನಾಲ್ಕು ಸಂಗತಿಗಳು ನಡಿಗೆಯನ್ನು ಸುಲಭವೋ ಕಷ್ಟವೋ ಮಾಡುತ್ತವೆ. ಗಟ್ಟಿ ಮಣ್ಣಿನ ಬಂಡಿಜಾಡಿನಲ್ಲಿ ಎರಡು ಕಿಲೋಮೀಟರ್ ನಡೆಯುವ ಅಜ್ಜಿಗೆ ಉರುಳುಗಲ್ಲಿನ ಹಳ್ಳದಲ್ಲಿ ಇಪ್ಪತ್ತು ಹೆಜ್ಜೆ ಇಡುವುದೂ ಸಾಧ್ಯವಾಗದಿರಬಹುದು.

ಮೊದಲು ಒಬ್ಬರೇ ಹೋಗಿ ದಾರಿ ನೋಡಿಕೊಂಡು ಬನ್ನಿ. ಹೋಗುವಾಗ ಮೂರು ಅಡಿಯ ನೇರವಾದ ಒಂದು ಪಟ್ಟಿ, ಮುಕ್ಕಾಲು ನೀರು ತುಂಬಿದ ಬಾಟಲಿ, ಅಳತೆ ಟೇಪು, ಇಷ್ಟು ಜೊತೆಗಿರಲಿ. ಇಳಿಜಾರು ಅನುಮಾನ ಹುಟ್ಟಿಸುವಲ್ಲಿ ಪಟ್ಟಿಯ ಒಂದು ತುದಿಯನ್ನು ಮೇಲಿನ ಕಡೆಯ ನೆಲಕ್ಕೆ ಊರಿ, ಅದರ ಮೇಲೆ ಬಾಟಲಿಯನ್ನು ಮಲಗಿಸಿ, ಒಳಗಿನ ನೀರು ಎರಡೂ ಕಡೆ ಸಮವಾಗುವವರೆಗೆ ಇನ್ನೊಂದು ತುದಿಯನ್ನು ಎತ್ತಿ ಹಿಡಿಯಿರಿ. ಆ ತುದಿಗೂ ನೆಲಕ್ಕೂ ನಡುವೆ ಮೂರು ಅಂಗುಲ ಅಂತರವಿದ್ದರೆ ಅದು ಹನ್ನೆರಡಕ್ಕೆ ಒಂದರ ಇಳಿಜಾರು. ಸಾರ್ವಜನಿಕ ಕಟ್ಟಡಗಳಲ್ಲಿ ಗಾಲಿಕುರ್ಚಿಯ ರ‍್ಯಾಂಪಿಗೆ ಇಟ್ಟುಕೊಂಡಿರುವ ಮಿತಿಯೂ ಅಷ್ಟೇ. ಅದಕ್ಕಿಂತ ಹೆಚ್ಚಿದ್ದರೆ ಕುರ್ಚಿಯವರನ್ನು ಕರೆದೊಯ್ಯಬೇಡಿ. ನಡೆಯುವವರಾದರೆ ಅಂಥ ತುಣುಕು ಹತ್ತು ಹೆಜ್ಜೆಯೊಳಗೆ ಮುಗಿಯುತ್ತದೆಯೇ ಎಂದು ಎಣಿಸಿಕೊಳ್ಳಿ. ದಾರಿಯ ಅಗಲ ಮೂರು ಅಡಿಗಿಂತ ಕಡಿಮೆಯಾದರೆ ಪಕ್ಕದ ಕಾರೆಮುಳ್ಳು ಕುರ್ಚಿಯವರ ಮೊಣಕೈಯನ್ನು ಗೀರದೆ ಬಿಡುವುದಿಲ್ಲ.

ಮರಳು ಇನ್ನೊಂದು ಬಗೆಯ ತೊಂದರೆ. ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ಮೊದಲು ಹೂತುಕೊಳ್ಳುವುದರಿಂದ ಮುಂದಕ್ಕೆ ತಳ್ಳಿದಷ್ಟೂ ಅವು ಆಳಕ್ಕಿಳಿಯುತ್ತವೆ. ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ಮುಂಗಾಲಿಗಳನ್ನು ತುಸು ಮೇಲೆತ್ತಿ, ದೊಡ್ಡ ಗಾಲಿಗಳ ಮೇಲೆ ಎಳೆದುಕೊಂಡು ಹೋದರೆ ನಾಲ್ಕಾರು ಮಾರು ದಾಟಬಹುದು. ಅದಕ್ಕಿಂತ ಹೆಚ್ಚು ಮರಳಿದ್ದರೆ ಆ ದಾರಿಯನ್ನು ಕೈಬಿಡುವುದೇ ಸರಿ.

ಎಲ್ಲಿಗೆ ಹೋಗುವುದು? ನನ್ನ ಮೊದಲ ಆಯ್ಕೆ ನಾಮದ ಚಿಲುಮೆ. ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋಗುವ ದಾರಿಯಲ್ಲೇ ಸಿಗುವ ಈ ಜಾಗಕ್ಕೆ ವಾಹನ ಹತ್ತಿರದವರೆಗೂ ಬರುತ್ತದೆ. ವನವಾಸದಲ್ಲಿದ್ದ ರಾಮನು ಹಣೆಗೆ ನಾಮವಿಡಲು ನೀರು ಸಿಗದೆ ಬಂಡೆಗೆ ಬಾಣ ಹೊಡೆದಾಗ ಚಿಮ್ಮಿದ ನೀರೇ ಈ ಚಿಲುಮೆ ಎಂಬುದು ಸ್ಥಳದ ಕಥೆ. ಕಥೆ ಹೇಗೇ ಇರಲಿ, ಮೊದಲ ಸಲ ನೋಡುವವರು ದೊಡ್ಡ ಕೊಳವನ್ನು ಎಣಿಸಿಕೊಂಡು ಬಂದು, ಬಂಡೆಯಲ್ಲಿನ ಸಣ್ಣ ಕುಳಿಯನ್ನು ಕಂಡು ಇಷ್ಟೇನಾ ಎನ್ನುವುದುಂಟು. ಇಲ್ಲಿ ಸುತ್ತಲಿನ ಮರಗಳ ನೆರಳೇ ದೊಡ್ಡದು. ಜಿಂಕೆಗಳ ಆವರಣದ ಬೇಲಿಯ ಬಳಿ ನಿಂತರೆ ಮಕ್ಕಳಿಗೂ ಬೇಸರವಾಗುವುದಿಲ್ಲ. ದೇವರಾಯನದುರ್ಗದ ಈ ಗುಡ್ಡಸಾಲು ಇನ್ನೊಂದು ಕಾರಣಕ್ಕೂ ನೋಡತಕ್ಕದ್ದು. ಇಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರಿದರೆ, ಇಲ್ಲೇ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಮಳೆಯ ಹನಿ ಯಾವ ಮಗ್ಗುಲಿಗೆ ಬಿದ್ದಿತು ಎಂಬುದರ ಮೇಲೆ ಅದರ ದಾರಿ ತಮಿಳುನಾಡಿಗೋ ಆಂಧ್ರಕ್ಕೋ ಎಂಬುದು ತೀರ್ಮಾನವಾಗುತ್ತದೆ.

ಕಣ್ಣು ಕಾಣದವರು ಜೊತೆಗಿದ್ದರೆ ಹಳ್ಳದ ದಂಡೆಯಂಥ ಜಾಗ ಇನ್ನೊಂದಿಲ್ಲ. ಅವರನ್ನು ಹಿಡಿದು ತಳ್ಳಬಾರದು. ಅವರೇ ನಿಮ್ಮ ಮೊಣಕೈಯ ಮೇಲ್ಭಾಗವನ್ನು ಹಿಡಿದುಕೊಳ್ಳಲಿ, ನೀವು ಅರ್ಧ ಹೆಜ್ಜೆ ಮುಂದಿರಿ, ಬೇರು ಅಥವಾ ತಗ್ಗು ಬರುವ ಮುನ್ನ ಬಾಯಿಬಿಟ್ಟು ಹೇಳಿ. ನೀರಿನ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ಅವರನ್ನೇ ಕೇಳಿ. ಹೊಳೆಮತ್ತಿ ಸಿಕ್ಕರೆ ಅದರ ನುಣುಪಾದ ತೊಗಟೆಯ ಮೇಲೆ ಕೈಯಾಡಿಸಲಿ, ಆಮೇಲೆ ಹೊಂಗೆಯನ್ನೋ ಜಾಲಿಯನ್ನೋ ಮುಟ್ಟಲಿ. ಕುರುಚಲಿನ ಅಂಚಿಗೆ ಬಂದಾಗ ‘ಬಂದರೆ’ ಎಂಬ ಗಿಡದ ಎಲೆಯನ್ನು ಬೆರಳಲ್ಲಿ ತಿಕ್ಕಿದರೆ ಅಂಟಂಟಾಗುತ್ತದೆ. ಅಲ್ಲಿಗೆ ನೆರಳು ಮುಗಿದು ಒಣನೆಲ ಬಂತೆಂದು ಅವರಿಗೆ ನಾವು ಹೇಳಬೇಕಾಗಿಲ್ಲ.

ಈ ಸಂದರ್ಭದಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ನಮ್ಮ ದೊಡ್ಡಮ್ಮನನ್ನು ಮೊದಲ ಸಲ ಕಾಡಿಗೆ ಕರೆದೊಯ್ದಾಗ ಏರು ಮಾತ್ರ ಕಷ್ಟ ಎಂದುಕೊಂಡಿದ್ದೆ. ಸಣ್ಣ ದಿಬ್ಬವನ್ನು ಅವರು ನಿಧಾನವಾಗಿ, ನಗುನಗುತ್ತಲೇ ಏರಿದರು. ಇಳಿಯುವಾಗ ಮೂರನೆಯ ಹೆಜ್ಜೆಗೇ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನ ಹೆಗಲ ಮೇಲೆ ಎರಡೂ ಕೈ ಊರಿ, “ಇಳಿಯೋದೇ ಆಗ್ತಿಲ್ಲ ಕಣಪ್ಪ” ಎಂದರು. ಸವೆದ ಮೊಣಕಾಲಿಗೆ ಏರಿಗಿಂತ ಇಳಿಜಾರೇ ಹೆಚ್ಚು ನೋವು ಕೊಡುತ್ತದೆ ಎಂಬುದು ನನಗೆ ಅಂದು ತಿಳಿಯಿತು. ಅಂದಿನಿಂದ ದಾರಿ ನೋಡಲು ಹೋದಾಗ ಇಳಿಯುವ ಕಡೆಯಿಂದಲೇ ಅಳೆಯುತ್ತೇನೆ.

ಊರುಗೋಲನ್ನೂ ಸರಿಯಾಗಿ ಆರಿಸಬೇಕು. ಕೈ ಇಳಿಬಿಟ್ಟು ನೇರ ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ನೋವಿರುವುದು ಎಡಗಾಲಿನಲ್ಲಾದರೆ ಕೋಲು ಬಲಗೈಯಲ್ಲಿರಬೇಕು. ಬಹಳ ಮಂದಿ ಇದನ್ನು ತಿರುಗಾಮುರುಗಾ ಹಿಡಿಯುತ್ತಾರೆ. ಮೆಟ್ಟಿಲಿನಂಥ ಜಾಗದಲ್ಲಿ ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಬುಡಕ್ಕೆ ರಬ್ಬರಿನ ಬಿರಡೆ ಇಲ್ಲದ ಕೋಲು ಬಂಡೆಯ ಮೇಲೆ ಜಾರುತ್ತದೆ.

ಹುಲ್ಲುಗಾವಲು ನೋಡಬೇಕಾದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಬೇಕು. ಆಂಧ್ರದ ಗಡಿಗೆ ಅಂಟಿಕೊಂಡಿರುವ, ಸುಮಾರು 798 ಎಕರೆಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ ಅಲ್ಲಿದೆ. ನೆಲ ಹೆಚ್ಚುಕಡಿಮೆ ಸಮತಟ್ಟು, ಕಣ್ಣಿಗೆ ಅಡ್ಡವಿಲ್ಲ. ತಿರುಚಿದ ಕೊಂಬಿನ ಕಪ್ಪು ಗಂಡುಗಳೂ ಕಂದುಬಣ್ಣದ ಹೆಣ್ಣುಗಳೂ ದೂರದಿಂದಲೇ ಕಾಣುವುದರಿಂದ ಹೆಚ್ಚು ನಡೆಯುವ ಅಗತ್ಯವೇ ಬೀಳುವುದಿಲ್ಲ; ದುರ್ಬೀನು ಇದ್ದರೆ ಮಡಿಚುವ ಕುರ್ಚಿಯಲ್ಲಿ ಕುಳಿತೇ ಬೆಳಗು ಕಳೆಯಬಹುದು. ಅರಣ್ಯ ಇಲಾಖೆಯವರಿಂದ ಮೊದಲೇ ಅನುಮತಿ ಕೇಳಿ, ಅವರು ತೋರಿಸಿದ ಜಾಡನ್ನು ಬಿಟ್ಟು ಹುಲ್ಲಿನೊಳಗೆ ಇಳಿಯಬೇಡಿ, ಏಕೆಂದರೆ ನೆಲಗುಬ್ಬಿ, ಟಿಟ್ಟಿಭಗಳು ಬರಿನೆಲದಲ್ಲೇ ಮೊಟ್ಟೆಯಿಡುತ್ತವೆ. ಹಿಂಡು ತಲೆಯೆತ್ತಿ ನಿಮ್ಮನ್ನೇ ನೋಡತೊಡಗಿದರೆ ನೀವು ಹತ್ತಿರ ಬಂದದ್ದು ಜಾಸ್ತಿಯಾಯಿತು ಎಂದೇ ಅರ್ಥ. ಇಲ್ಲಿ ನೆರಳಿಲ್ಲ ಎಂಬುದನ್ನು ಮರೆಯಬಾರದು. ಅಂಚಿನ ನೀಲಗಿರಿ ಮರಗಳ ನೆರಳನ್ನು ನಂಬಿಕೊಂಡರೆ ಕೆಟ್ಟಿರಿ.

ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಎರಡೂ ಕಡೆಗೆ ಒಳ್ಳೆಯದು. ಹಿಂಗಾರು ಮುಗಿದು ಹಳ್ಳಗಳಲ್ಲಿ ತುಸು ನೀರಿರುತ್ತದೆ, ಬಿಸಿಲು ಹದವಾಗಿರುತ್ತದೆ. ತಲೆಗೆ ಗಂಟೆಗೆ ಅರ್ಧ ಲೀಟರಿನಂತೆ ನೀರು ಒಯ್ಯಿರಿ. ಶಕ್ತಿಯ ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಇನ್ನೊಂದು ಪಾಲು ಉಳಿಕೆಗೆ ಎಂದು ಲೆಕ್ಕ ಹಾಕಿ, ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ. ಹಿಂದೆ ಬಿದ್ದವರು ನಾಚಿಕೆಗೆ ಕಟ್ಟುಬಿದ್ದು ದಣಿವನ್ನು ಹೇಳುವುದಿಲ್ಲ. ಶೌಚದ ವ್ಯವಸ್ಥೆ ಎಲ್ಲಿದೆ ಎಂಬುದನ್ನೂ ದಾರಿ ನೋಡಲು ಹೋದ ದಿನವೇ ಗುರುತಿಟ್ಟುಕೊಳ್ಳಿ. ಎಷ್ಟೋ ಹೆಂಗಸರು ಇದೊಂದೇ ಚಿಂತೆಗೆ ನೀರು ಕುಡಿಯದೆ ನಡೆಯುತ್ತಾರೆ.

ದೇವರಾಯನದುರ್ಗದ ಕಾಡಿನಲ್ಲಿ ಚಿರತೆ, ಕರಡಿಗಳಿವೆ. ಬಿಸಿಲು ಚೆನ್ನಾಗಿ ಬಿದ್ದ ಮೇಲೆ ಹೊರಟು ಸಂಜೆ ಐದರೊಳಗೆ ವಾಹನಕ್ಕೆ ಮರಳಿ, ಮಾತನಾಡುತ್ತಾ ಗುಂಪಾಗಿ ನಡೆಯಿರಿ. ಅಪಾಯಕ್ಕಿಂತ ಕೀಟಲೆ ಹೆಚ್ಚು ಮಾಡುವವು ಕೋತಿಗಳು: ಪ್ಲಾಸ್ಟಿಕ್ ಚೀಲದ ಸದ್ದಾದರೆ ಸಾಕು, ಕಸಿದೇ ಬಿಡುತ್ತವೆ. ತಿಂಡಿಯನ್ನು ಬಟ್ಟೆಯ ಚೀಲದೊಳಗೆ ಮುಚ್ಚಿಟ್ಟು, ವಾಹನದೊಳಗೇ ತಿನ್ನಿ. ಜಯಮಂಗಲಿಯ ಒಣ ಪಾತ್ರ ನೋಡಲು ಚಪ್ಪಟೆಯಾಗಿದ್ದರೂ ಮರಳು ತೆಗೆದ ಗುಂಡಿಗಳಲ್ಲಿ ನೀರು ನಿಂತಿದ್ದರೆ ಆಳ ತಿಳಿಯದು. ದಂಡೆಯ ಮೇಲೇ ನಡೆಯಿರಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಅಲುಗಾಡಿಸದೆ, 108ಕ್ಕೆ ಕರೆ ಮಾಡಿ ಪ್ರತಿವಿಷವಿರುವ ಆಸ್ಪತ್ರೆಗೆ ಸಾಗಿಸಬೇಕು.

ವಾಹನ ಹತ್ತುವ ಮುನ್ನ ಸೀರೆಯ ಅಂಚು, ಪಂಚೆ, ಕಾಲುಚೀಲಗಳನ್ನು ಕೊಡವಿ, ಗಾಲಿಕುರ್ಚಿಯ ಟೈರಿನಲ್ಲಿ ನೆಗ್ಗಿಲು ಮುಳ್ಳು ನಾಟಿದೆಯೇ ಎಂದು ಬೆರಳಾಡಿಸಿ ನೋಡಿ. ಮೊಣಕಾಲಿನ ಹಿಂಭಾಗ, ಸೊಂಟದ ಮಡಿಕೆಗಳಲ್ಲಿ ಉಣ್ಣೆಹುಳ ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಸುರಿಯದೆ, ಸಣ್ಣ ಚಿಮಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಮೇಲಕ್ಕೆ ಎಳೆದು ತೆಗೆಯಿರಿ.