ಹೆಪ್ಪು ತಡೆಯುವ ಮಾತ್ರೆ ಮತ್ತು 35 ದಿನಗಳ ಲೆಕ್ಕ

ಮೂಳೆ ಮತ್ತು ಕೀಲು ವಾರ್ಡಿನಲ್ಲಿ ಶುಶ್ರೂಷಾಧಿಕಾರಿಯಾಗಿರುವ ನನಗೆ ಡಿಸ್ಚಾರ್ಜ್ ದಿನದ ಕೆಲಸವೆಂದರೆ ಬಹುಕಾಲ ಇಷ್ಟೇ ಆಗಿತ್ತು: ಮಾತ್ರೆಗಳ ಚೀಲವನ್ನು ಕೈಗಿಟ್ಟು, ಯಾವುದು ಬೆಳಿಗ್ಗೆ, ಯಾವುದು ರಾತ್ರಿ ಎಂದು ಹೇಳಿ, ಸಹಿ ಹಾಕಿಸಿಕೊಳ್ಳುವುದು. ಸೊಂಟದ ಕೀಲು ಬದಲಿಸಿಕೊಂಡಿದ್ದ ಹಿರಿಯರೊಬ್ಬರು ಮೂರನೆಯ ವಾರದಲ್ಲಿ ಮೀನಖಂಡ ಊದಿಕೊಂಡು ಮರಳಿ ಬಂದರು. ಡಾಪ್ಲರ್ ಸ್ಕ್ಯಾನಿನಲ್ಲಿ ಕಾಲಿನ ಒಳ ರಕ್ತನಾಳದಲ್ಲಿ ಹೆಪ್ಪು ಕಾಣಿಸಿದ ಮೇಲೆ ನಾನು ಅವರ ಚೀಲವನ್ನು ಬಿಡಿಸಿ ನೋಡಿದೆ. ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟಿದ್ದ ರಿವರಾಕ್ಸಬಾನ್ 10 ಮಿಲಿಗ್ರಾಂ ಮಾತ್ರೆಯ ಮೊದಲ ಸ್ಟ್ರಿಪ್ ಖಾಲಿಯಾಗಿತ್ತು. ಎರಡನೆಯದನ್ನು ಅವರು ಕೊಂಡೇ ಇರಲಿಲ್ಲ. ನೋವಿನ ಮಾತ್ರೆಯನ್ನು ಮಾತ್ರ ಊರಿನ ಅಂಗಡಿಯಿಂದ ತಪ್ಪದೆ ತರಿಸಿಕೊಂಡಿದ್ದರು. ಸ್ಟ್ರಿಪ್ ಮುಗಿದರೆ ಔಷಧವೂ ಮುಗಿಯಿತೆಂದು ಅವರು ತಿಳಿದದ್ದರಲ್ಲಿ ತಪ್ಪು ಹುಡುಕುವಂತಿರಲಿಲ್ಲ, ಏಕೆಂದರೆ ಎಷ್ಟು ದಿನ ಎಂಬುದನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಕಾರ್ಡಿನಲ್ಲಿದ್ದ ಬರಹ ಇಂಗ್ಲಿಷಿನದು.

ಅಲ್ಲಿಂದ ಮುಂದೆ ಪರೀಕ್ಷೆಗೆ ಬಂದವರನ್ನೆಲ್ಲ ಕೇಳತೊಡಗಿದೆ. ಮರೆವಿಗಿಂತ ಭಯವೇ ಹೆಚ್ಚು ಜನರಿಂದ ಮಾತ್ರೆ ಬಿಡಿಸುತ್ತಿತ್ತೆಂಬುದು ನನಗೆ ಅನಿರೀಕ್ಷಿತವಾಗಿತ್ತು. "ರಕ್ತ ನೀರಾಗತೈತಂತಲ್ರೀ ಸಿಸ್ಟರ್, ಮೊದಲೇ ಆಪರೇಷನ್‌ದಾಗ ರಕ್ತ ಹೋಗೇತಿ" ಎಂದರು ಹಾವೇರಿ ಕಡೆಯ ಒಬ್ಬ ಅಜ್ಜಿ. 'ರಕ್ತ ತೆಳುವಾಗಿಸುವ ಮಾತ್ರೆ' ಎಂದು ಹೇಳಿಕೊಟ್ಟವಳು ನಾನೇ! ವಾಸ್ತವದಲ್ಲಿ ಈ ಔಷಧವು ರಕ್ತವನ್ನು ತೆಳುವಾಗಿಸುವುದಿಲ್ಲ. ಹೆಪ್ಪುಗಟ್ಟುವ ಸರಣಿಯಲ್ಲಿ ಹತ್ತನೆಯ ಅಂಶವೆಂದು ಕರೆಯುವ ಒಂದು ಕೊಂಡಿಯನ್ನು ತಡೆಹಿಡಿಯುತ್ತದೆ, ಅಷ್ಟೆ. ಆ ಹೆಸರನ್ನು ಅಂದೇ ಬಿಟ್ಟು 'ಹೆಪ್ಪು ತಡೆಯುವ ಮಾತ್ರೆ' ಎನ್ನಲಾರಂಭಿಸಿದೆ. ಹಾಲಿಗೆ ಹೆಪ್ಪು ಹಾಕಿ ಅಲುಗಿಸದೆ ಇಟ್ಟರೆ ಮೊಸರು ಗಟ್ಟಿಯಾಗುವಂತೆ, ಶಸ್ತ್ರಚಿಕಿತ್ಸೆಯಾದ ಕಾಲು ಹೆಚ್ಚು ಅಲುಗಾಡದಿರುವಾಗ ಅದರೊಳಗಿನ ರಕ್ತವೂ ಗಟ್ಟಿಯಾಗಬಹುದು, ಆ ಗಡ್ಡೆ ಜಾರಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ ಎಂದು ವಿವರಿಸಿದರೆ ಅಡುಗೆಮನೆ ಬಲ್ಲ ಯಾರಿಗೂ ಎರಡನೆಯ ಸಲ ಹೇಳಬೇಕಾಗುವುದಿಲ್ಲ. ಮಾತ್ರೆಯ ಜೊತೆಗೆ ನಡೆದಾಟವೂ ಏಕೆ ಬೇಕೆಂಬುದನ್ನು ಅವರೇ ಊಹಿಸುತ್ತಾರೆ.

ಉಳಿದ ಬದಲಾವಣೆಗಳು ಸಣ್ಣವು. ನಮ್ಮಲ್ಲಿ ವೈದ್ಯರು ಈ ಮಾತ್ರೆಯನ್ನು ಸಾಮಾನ್ಯವಾಗಿ ಮಂಡಿ ಬದಲಿಸಿದವರಿಗೆ ಸುಮಾರು 2 ವಾರ, ಸೊಂಟದ ಕೀಲು ಬದಲಿಸಿದವರಿಗೆ 35 ದಿನ ಬರೆಯುತ್ತಾರೆ. ಕೊನೆಯ ಮಾತ್ರೆಯ ತಾರೀಖನ್ನು ಮಾರ್ಕರ್ ಪೆನ್ನಿನಿಂದ ಸ್ಟ್ರಿಪ್ಪಿನ ಬೆನ್ನಿಗೇ ಬರೆಯುತ್ತೇನೆ. ಅಷ್ಟೂ ಮಾತ್ರೆಗಳನ್ನು ಒಮ್ಮೆಗೇ ಕೊಳ್ಳುವಂತೆ ಹೇಳಿದಾಗ ಹಣದ ಮಾತು ಬರುತ್ತದೆ. ಆಗ ವೈದ್ಯರಿಗೆ ತಿಳಿಸಿ, ಆ ರೋಗಿಗೆ ಹೊಂದುವುದಾದರೆ ಅಗ್ಗದ ಬೇರೆ ಔಷಧ ಬರೆಸುವುದು, ಅರ್ಧಕ್ಕೆ ನಿಲ್ಲುವ ದುಬಾರಿ ಔಷಧಕ್ಕಿಂತ ಲೇಸೆಂದು ನನ್ನ ಅಭಿಪ್ರಾಯ. ವೈದ್ಯರನ್ನು ಕೇಳದೆ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ಇದರ ಜೊತೆ ನುಂಗಿದರೆ ರಕ್ತಸ್ರಾವದ ಸಂಭವ ಹೆಚ್ಚುತ್ತದೆಂದೂ, ಮಲ ಕಪ್ಪಾದರೆ ಅಥವಾ ವಸಡಿನಿಂದ ರಕ್ತ ನಿಲ್ಲದಿದ್ದರೆ ತಾವೇ ಮಾತ್ರೆ ನಿಲ್ಲಿಸಿ ಸುಮ್ಮನಿರದೆ ತಕ್ಷಣ ಫೋನ್ ಮಾಡಬೇಕೆಂದೂ ಹೇಳುತ್ತೇನೆ.

ಫೋನ್ ಸಂಖ್ಯೆಯ ವಿಷಯದಲ್ಲಿಯೂ ಪಾಠ ಕಲಿತಿದ್ದೇನೆ. ಬೆಂಗಳೂರಿನಲ್ಲಿರುವ ಮಗನ ಸಂಖ್ಯೆ ಬಿಲ್ಲಿಗೆ ಸಾಕು. ನನಗೆ ಬೇಕಾದದ್ದು ರೋಗಿಯ ಜೊತೆ ಊಟಕ್ಕೆ ಕೂರುವವರದು. ಕರೆ ಮಾಡಿದಾಗ "ಮಾತ್ರೆ ತಗೊಳ್ತಿದ್ದೀರಾ" ಎಂದು ಕೇಳುವುದಿಲ್ಲ, ಏಕೆಂದರೆ ಅದಕ್ಕೆ ಎಲ್ಲರೂ ಹೌದೆನ್ನುತ್ತಾರೆ. ಸ್ಟ್ರಿಪ್ ತಂದು ಉಳಿದದ್ದನ್ನು ಎಣಿಸಲು ಹೇಳುತ್ತೇನೆ.

ಕಳೆದ ತಿಂಗಳು ಸೊಂಟದ ಕೀಲು ಬದಲಿಸಿಕೊಂಡ ಒಬ್ಬ ತಾಯಿಗೆ 22ನೆಯ ದಿನ ಬೆಳಿಗ್ಗೆ, ಅಂದಿನ ಮಾತ್ರೆಗೆ ಮೊದಲೇ ಕರೆ ಮಾಡಿದೆ. ನನ್ನ ಪುಸ್ತಕದ ಪ್ರಕಾರ 14 ಉಳಿದಿರಬೇಕಿತ್ತು. ಸೊಸೆ ಎಣಿಸಿದಾಗ 15 ಬಂತು. ಸ್ವಲ್ಪ ಹೊತ್ತಿನ ಮೌನದ ನಂತರ ಹಿಂದಿನಿಂದ ಅತ್ತೆಯ ಧ್ವನಿ ಕೇಳಿಸಿತು: "ಅವತ್ತು ಏಕಾದಶಿ, ಉಪವಾಸ ಇತ್ತಲ್ರೀ." ಈ 10 ಮಿಲಿಗ್ರಾಂ ಮಾತ್ರೆಯನ್ನು ಬರಿಹೊಟ್ಟೆಯಲ್ಲಿಯೂ ನೀರಿನೊಂದಿಗೆ ನುಂಗಬಹುದೆಂದೂ, ತಪ್ಪಿಹೋದದ್ದಕ್ಕೆ ಬದಲಾಗಿ ಇಂದು ಎರಡು ನುಂಗಬಾರದೆಂದೂ ಸೊಸೆಗೆ ತಿಳಿಸಿದೆ. ಆಮೇಲೆ ಪಂಚಾಂಗ ತೆರೆದು, ಉಳಿದ ದಿನಗಳಲ್ಲಿ ಇನ್ನೊಂದು ಏಕಾದಶಿ ಎಂದು ಬರುತ್ತದೆಂಬುದನ್ನು ನೋಡಿ, ಅವರ ಹೆಸರಿನ ಮುಂದೆ ಗುರುತು ಹಾಕಿಕೊಂಡೆ.